ಘಾಟಿ ಇಳಿಯುವ ಪಿಕಪ್‌ನ ಬ್ರೇಕ್ ಮಾಸ್ಟರ್ ಸಿಲಿಂಡರ್ ಬದಲಿಸುವುದು ಹೇಗೆ?

ಕಳೆದ ಮಳೆಗಾಲದ ಕೊನೆಯಲ್ಲಿ ತೀರ್ಥಹಳ್ಳಿಯಿಂದ ಬಾಳೆಗೊನೆ ಹೇರಿಕೊಂಡು ಹೆಬ್ರಿಯ ಕಡೆಗೆ ಹೊರಟಿದ್ದೆ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಒಂದರ ಬಳಿ, ಏರಿ ಬರುತ್ತಿದ್ದ ಮಿನಿಬಸ್ಸಿಗೆ ದಾರಿ ಬಿಡಲು ನಿಂತಾಗ, ಒತ್ತಿ ಹಿಡಿದಿದ್ದ ಬ್ರೇಕ್ ಪೆಡಲ್ ಗದ್ದೆಯ ಕೆಸರಿನಲ್ಲಿ ಕಾಲು ಹೂತುಹೋಗುವಂತೆ ಮೆಲ್ಲಗೆ ಕೆಳಗಿಳಿಯತೊಡಗಿತು. ಕಾಲೆತ್ತಿ ಎರಡು ಬಾರಿ ಬೇಗಬೇಗ ತುಳಿದ ಕೂಡಲೇ ಪೆಡಲ್ ಮತ್ತೆ ಗಟ್ಟಿಯಾಯಿತು. ಹಾಗೆ ಗಟ್ಟಿಯಾಗುವುದರಿಂದಲೇ ಅನೇಕರು ಈ ದೋಷವನ್ನು ತಿಂಗಳುಗಟ್ಟಲೆ ಸಹಿಸಿಕೊಂಡು ಗಾಡಿ ಓಡಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇದು ಬ್ರೇಕ್ ಆಯಿಲ್ ತುಂಬಿಸಿದರೆ ಸರಿಹೋಗುವ ತೊಂದರೆಯಲ್ಲ.

ಮಾಸ್ಟರ್ ಸಿಲಿಂಡರ್ ಎಂದರೆ ಪೆಡಲಿನ ಒತ್ತಡವನ್ನು ಆಯಿಲ್ ಮೂಲಕ ನಾಲ್ಕೂ ಚಕ್ರಗಳಿಗೆ ತಲುಪಿಸುವ ಭಾಗ. ಅದರೊಳಗೆ ಒಂದರ ಹಿಂದೆ ಒಂದರಂತೆ ಎರಡು ಪಿಸ್ಟನ್‌ಗಳೂ ಅವುಗಳಿಗೆ ರಬ್ಬರ್ ವಾಷರ್‌ಗಳೂ ಇರುತ್ತವೆ. ರಬ್ಬರಿನ ಅಂಚು ಸವೆದಾಗ, ಜೋರಾಗಿ ತುಳಿದರೆ ಅದು ಸಿಲಿಂಡರಿನ ಗೋಡೆಗೆ ಅಂಟಿಕೊಂಡು ಒತ್ತಡವನ್ನು ತಡೆದು ನಿಲ್ಲಿಸುತ್ತದೆ. ನಿಧಾನವಾಗಿ ಒತ್ತಿ ಹಿಡಿದರೆ ಆಯಿಲ್ ಅದರ ಪಕ್ಕದಿಂದ ನುಸುಳಿ ಹಿಂದಕ್ಕೆ ಹರಿಯುತ್ತದೆ. ಹೊರಗೆ ಒಂದು ಹನಿಯೂ ಸೋರದೆ ಪೆಡಲ್ ಇಳಿಯುವುದಕ್ಕೆ ಇದೇ ಕಾರಣ.

ನಮ್ಮ ಕಡೆಯ ಹವೆಯೂ ಇದಕ್ಕೆ ಒಂದಿಷ್ಟು ಕಾರಣ. ಸಾಮಾನ್ಯವಾಗಿ ಬಳಸುವ ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ಗುಣದ್ದು. ಡಾಟ್ 3 ದರ್ಜೆಯ ಹೊಸ ಆಯಿಲ್ ಕುದಿಯಬೇಕಾದರೆ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು. ತೇವ ಸೇರಿದ ಮೇಲೆ ಆ ಮಿತಿ 140 ಡಿಗ್ರಿಗೆ ಇಳಿಯಬಹುದು. ಡಾಟ್ 4ರಲ್ಲಿ ಈ ಅಂಕಿಗಳು 230 ಮತ್ತು 155. ಇಳಿಜಾರಿನಲ್ಲಿ ಬ್ರೇಕ್ ಕಾದಾಗ ತೇವಗೊಂಡ ಆಯಿಲ್ ಕುದಿದು ಆವಿಯಾದರೆ ಪೆಡಲ್ ಟೊಳ್ಳಾಗುತ್ತದೆ. ಅದೇ ತೇವ ಸಿಲಿಂಡರಿನ ಒಳಮೈಗೆ ತುಕ್ಕು ಹಿಡಿಸಿ ರಬ್ಬರನ್ನು ಸವೆಸುತ್ತದೆ. ಜಡಿಮಳೆಯಲ್ಲಿ ತಿಂಗಳುಗಟ್ಟಲೆ ತೋಯುವ ಮಲೆನಾಡಿನಲ್ಲಿ ಎರಡು ವರ್ಷಕ್ಕೊಮ್ಮೆಯಾದರೂ ಆಯಿಲ್ ಬದಲಿಸಬೇಕೆನ್ನುವುದು ಇದಕ್ಕಾಗಿಯೇ.

ಬಿಡಿಭಾಗ ತರುವ ಮೊದಲು ದೋಷ ಎಲ್ಲಿದೆ ಎಂಬುದನ್ನು ಖಚಿತಪಡಿಸಿಕೊಳ್ಳಿ. ಸಮತಟ್ಟಾದ ಜಾಗದಲ್ಲಿ ಎಂಜಿನ್ ಚಾಲೂ ಮಾಡಿ, ನ್ಯೂಟ್ರಲ್‌ನಲ್ಲಿಟ್ಟು, ಪೆಡಲನ್ನು ಒಂದೇ ಸಮನಾದ ಹದವಾದ ಒತ್ತಡದಲ್ಲಿ ಒಂದು ನಿಮಿಷ ಹಿಡಿಯಿರಿ. ಅದು ನಿಲ್ಲದೆ ಇಳಿಯುತ್ತಲೇ ಹೋದರೆ ಎಲ್ಲೋ ಒತ್ತಡ ಸೋರುತ್ತಿದೆ ಎಂದರ್ಥ. ಆಫ್ ಆಗಿರುವ ಎಂಜಿನ್ನನ್ನು ಚಾಲೂ ಮಾಡಿದ ಕ್ಷಣದಲ್ಲಿ ಒತ್ತಿ ಹಿಡಿದ ಪೆಡಲ್ ಸ್ವಲ್ಪ ಇಳಿದು ನಿಲ್ಲುವುದು ಬೂಸ್ಟರ್ (ಕಾಲಿನ ಒತ್ತಡವನ್ನು ಹೆಚ್ಚಿಸಿ ಸಿಲಿಂಡರಿಗೆ ಕೊಡುವ ಭಾಗ) ಕೆಲಸ ಮಾಡುತ್ತಿರುವುದರ ಗುರುತು. ಅದನ್ನು ದೋಷವೆಂದು ತಿಳಿಯಬೇಡಿ. ಬಳಿಕ ನಾಲ್ಕೂ ಚಕ್ರಗಳ ಒಳಬದಿ, ಪೈಪುಗಳ ಜೋಡಣೆ, ಹೋಸ್‌ಗಳನ್ನು ಟಾರ್ಚ್ ಹಿಡಿದು ನೋಡಿ. ಅಲ್ಲೆಲ್ಲ ಒಣಗಿದ್ದು, ಸಿಲಿಂಡರಿನ ಮೇಲಿರುವ ಆಯಿಲ್ ಡಬ್ಬಿಯ ಮಟ್ಟವೂ ಕಡಿಮೆಯಾಗದಿದ್ದರೆ ತಪ್ಪು ಮಾಸ್ಟರ್ ಸಿಲಿಂಡರಿನದ್ದೇ ಎನ್ನಬಹುದು. ಸಿಲಿಂಡರ್ ಮತ್ತು ಬೂಸ್ಟರ್ ಸೇರುವ ಕಡೆ ಬೆರಳಿಗೆ ಜಿಡ್ಡು ತಗಲಿದರೆ ಹಿಂಬದಿಯ ರಬ್ಬರೂ ಹೋಗಿದೆ, ಆಯಿಲ್ ಬೂಸ್ಟರಿನೊಳಗೆ ಇಳಿಯುತ್ತಿದೆ ಎಂದು ತಿಳಿಯಿರಿ.

ಅಂಗಡಿಯಲ್ಲಿ ಬರಿಯ ರಬ್ಬರ್ ಕಿಟ್ ಅಗ್ಗಕ್ಕೆ ಸಿಗುತ್ತದೆ. ಆದರೆ ಸಿಲಿಂಡರಿನ ಒಳಮೈಯಲ್ಲಿ ತುಕ್ಕಿನ ಕಲೆಗಳೋ ಗೀರುಗಳೋ ಇದ್ದರೆ ಹೊಸ ರಬ್ಬರೂ ಬೇಗನೆ ಹರಿಯುತ್ತದೆ. ಘಾಟಿ ಹತ್ತಿ ಇಳಿಯುವ ಗಾಡಿಗೆ ಪೂರ್ತಿ ಸಿಲಿಂಡರನ್ನೇ ಹಾಕಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಚಾಸಿ ಸಂಖ್ಯೆ ಕೊಟ್ಟು ಕೇಳಿ, ಹೊರಮೈಯಲ್ಲಿ ಅಚ್ಚೊತ್ತಿರುವ ಅಳತೆಯನ್ನು ಹಳೆಯದರೊಂದಿಗೆ ಹೋಲಿಸಿ ನೋಡಿ. ಒಳವ್ಯಾಸ ಬದಲಾದರೆ ಪೆಡಲಿನ ಹದವೇ ಬದಲಾಗುತ್ತದೆ. ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ದರ್ಜೆಯ ಆಯಿಲನ್ನೇ, ಸೀಲ್ ಒಡೆಯದ ಬಾಟಲಿಯಲ್ಲಿ ತನ್ನಿ. ಎಂಜಿನ್ ಆಯಿಲ್, ಸೀಮೆಎಣ್ಣೆ, ಡೀಸೆಲ್ ಇವುಗಳ ಜಿಡ್ಡು ಕೂಡ ಬ್ರೇಕ್ ಆಯಿಲ್‌ಗೆ ತಾಗಬಾರದು, ಏಕೆಂದರೆ ಅವು ಬ್ರೇಕಿನ ರಬ್ಬರನ್ನು ಉಬ್ಬಿಸಿ ಹಾಳುಮಾಡುತ್ತವೆ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಯಾದರೆ ಬ್ರೇಕ್ ಪೈಪುಗಳಿಗೆ ಸೇರಿದ ಗಾಳಿ ತೆಗೆಯಲು ಕಂಪ್ಯೂಟರ್ ಉಪಕರಣ ಬೇಕಾಗಬಹುದಾದ್ದರಿಂದ ಆ ಕೆಲಸವನ್ನು ವರ್ಕ್‌ಶಾಪಿಗೆ ಬಿಡುವುದೇ ಒಳ್ಳೆಯದು.

ಬಿಚ್ಚುವ ಕೆಲಸ ದೊಡ್ಡದಲ್ಲ. ಗಾಡಿಯನ್ನು ಅಂಗಳದಲ್ಲಿ ಸಮವಾಗಿ ನಿಲ್ಲಿಸಿ, ಗೇರಿಗೆ ಹಾಕಿ, ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಸಿಲಿಂಡರಿನ ಸುತ್ತ ಅಂಟಿರುವ ಕೆಮ್ಮಣ್ಣನ್ನು ಒಂದು ಕಣವೂ ಉಳಿಯದಂತೆ ಒರೆಸಿದ ಮೇಲೆಯೇ ಮುಚ್ಚಳ ತೆರೆಯಿರಿ. ಹಳೆಯ ಆಯಿಲನ್ನು ಸೂಜಿ ತೆಗೆದ ಸಿರಿಂಜಿನಿಂದ ಹೀರಿ ತೆಗೆಯಿರಿ. ಬ್ರೇಕ್ ಆಯಿಲ್ ಪೇಂಟ್ ಕಿತ್ತುಹಾಕುತ್ತದೆಯಾದ್ದರಿಂದ ಕೆಳಗೆ ದಪ್ಪ ಬಟ್ಟೆ ಹಾಸಿ, ಚೆಲ್ಲಿದ ಕೂಡಲೇ ನೀರು ಹಾಕಿ ತೊಳೆಯಿರಿ. ಪೈಪಿನ ನಟ್ಟುಗಳಿಗೆ ಸಾಮಾನ್ಯ ಸ್ಪ್ಯಾನರ್ ಬಳಸಿದರೆ ಮೂಲೆಗಳು ಸವೆದು ಉರುಟಾಗುತ್ತವೆ. ಪೈಪ್ ತೂರುವಷ್ಟು ಮಾತ್ರ ಬಾಯಿ ಸೀಳಿದ ರಿಂಗ್ ಸ್ಪ್ಯಾನರ್ ಬೇಕು. ಮಟ್ಟ ತೋರಿಸುವ ಸೆನ್ಸರಿನ ವಯರ್ ಕಳಚಿ, ಬೂಸ್ಟರಿಗೆ ಹಿಡಿದಿರುವ ನಟ್ಟುಗಳನ್ನು ತೆಗೆದು ಸಿಲಿಂಡರನ್ನು ನೇರವಾಗಿ ಎಳೆದರೆ ಬರುತ್ತದೆ. ಬೂಸ್ಟರಿನೊಳಗೆ ಆಯಿಲ್ ನಿಂತಿದ್ದರೆ ಅದನ್ನೂ ಮೆಕ್ಯಾನಿಕ್‌ಗೆ ತೋರಿಸದೆ ಮುಂದುವರಿಯಬೇಡಿ.

ಅವಸರ ಮಾಡಬಾರದ ಹಂತ ಇನ್ನು ಮುಂದಿನದು. ಹೊಸ ಸಿಲಿಂಡರನ್ನು ಹಾಗೆಯೇ ಕೂರಿಸಿದರೆ ಅದರೊಳಗಿನ ಗಾಳಿಯನ್ನು ಆಮೇಲೆ ತೆಗೆಯುವುದು ಬಹಳ ಕಷ್ಟ. ಅದನ್ನು ಚಾಚುಪಟ್ಟಿಯ (ಬೂಸ್ಟರಿಗೆ ನಟ್ಟು ಬಿಗಿಯುವ ಫ್ಲ್ಯಾಂಜ್) ಭಾಗದಲ್ಲಿ ಹಿಡಿದು ವೈಸ್‌ಗೆ ಸಮವಾಗಿ ಬಿಗಿಯಿರಿ. ಒಡಲನ್ನು ಬಿಗಿದರೆ ಒಳವ್ಯಾಸ ಅದುಮಿಹೋಗುತ್ತದೆ. ಅದರ ಡಬ್ಬಿಗೆ ಹೊಸ ಆಯಿಲ್ ಹಾಕಿ, ಆಯಿಲ್ ಹೊರಬರುವ ರಂಧ್ರಗಳಿಗೆ ಚಿಕ್ಕ ಪೈಪು ಸಿಕ್ಕಿಸಿ, ಅವುಗಳ ಇನ್ನೊಂದು ತುದಿ ಡಬ್ಬಿಯ ಆಯಿಲಿನಲ್ಲಿ ಮುಳುಗಿರುವಂತೆ ಬಾಗಿಸಿ. ಮೊಂಡು ತುದಿಯ ಕಡ್ಡಿಯಿಂದ ಪಿಸ್ಟನ್ನನ್ನು ಮೆಲ್ಲಗೆ ಒಳಕ್ಕೆ ತಳ್ಳಿ, ಅಷ್ಟೇ ಮೆಲ್ಲಗೆ ಬಿಡಿ. ಮೊದಮೊದಲು ಡಬ್ಬಿಯಲ್ಲಿ ಅನ್ನದ ಗಂಜಿ ಕುದಿಯುವಂತೆ ಗುಳ್ಳೆಗಳು ಏಳುತ್ತವೆ. ಆಮೇಲೆ ಸಾಸಿವೆಕಾಳಿನಷ್ಟು ಚಿಕ್ಕವು ಒಂದೊಂದಾಗಿ ಬರುತ್ತವೆ. ಅವೂ ಪೂರ್ತಿ ನಿಲ್ಲುವವರೆಗೆ ತಳ್ಳುತ್ತಲೇ ಇರಿ. ನನಗೆ ಇದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು.

ಕೂರಿಸುವಾಗ ಸಿಲಿಂಡರ್ ಮತ್ತು ಬೂಸ್ಟರ್ ನಡುವಿನ ಹೊಸ ರಬ್ಬರ್ ಉಂಗುರವನ್ನು ಮರೆಯಬೇಡಿ. ಪೈಪಿನ ನಟ್ಟುಗಳನ್ನು ಮೊದಲು ಬೆರಳಿನಿಂದಲೇ ತಿರುಗಿಸಿ ಥ್ರೆಡ್ಡಿಗೆ ಸರಿಯಾಗಿ ಹತ್ತಿಸಿಕೊಳ್ಳಿ. ಸಿಲಿಂಡರನ್ನು ಬಿಗಿಯುವುದು ಅದಾದ ಮೇಲೆ.

ಚಕ್ರಗಳ ಬ್ರೇಕಿನೊಳಗೆ ಸೇರಿದ ಗಾಳಿ ತೆಗೆಯಲು ಇಬ್ಬರು ಬೇಕು. ನನ್ನ ಜೊತೆಗಿದ್ದವನು ಅಣ್ಣನ ಮಗ. "ಚಿಕ್ಕಪ್ಪ, ಒತ್ತಿ ಹಿಡಿದಿದ್ದೇನೆ" ಎಂದು ಅವನು ಕೂಗಿದ ಮೇಲೆ ನಾನು ಚಕ್ರದ ಬ್ರೇಕಿನಲ್ಲಿರುವ ಗಾಳಿ ಬಿಡುವ ನಿಪ್ಪಲನ್ನು ಅರ್ಧ ಸುತ್ತು ಸಡಿಲಿಸುತ್ತಿದ್ದೆ, ನಾನು ಮುಚ್ಚಿ "ಬಿಡು" ಎನ್ನುವವರೆಗೆ ಅವನು ಕಾಲೆತ್ತುತ್ತಿರಲಿಲ್ಲ. ಈ ಕ್ರಮ ತಪ್ಪಿದರೆ ಗಾಳಿ ಮತ್ತೆ ಒಳಸೇರುತ್ತದೆ. ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಆರಂಭಿಸುವುದು ರೂಢಿ. ನಮ್ಮ ಗಾಡಿಗಳಲ್ಲಿ ಸಾಮಾನ್ಯವಾಗಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ನಿಪ್ಪಲಿಗೆ ಸಿಕ್ಕಿಸಿದ ಪಾರದರ್ಶಕ ಪೈಪಿನ ತುದಿ ಬಾಟಲಿಯ ಆಯಿಲಿನಲ್ಲಿ ಮುಳುಗಿರಲಿ, ಮೇಲಿನ ಡಬ್ಬಿ ಯಾವ ಹೊತ್ತಿನಲ್ಲೂ ಖಾಲಿಯಾಗದಿರಲಿ. ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲಿನ ಬಳಿ ಹೊರೆಗೆ ತಕ್ಕಂತೆ ಹಿಂಬ್ರೇಕಿನ ಒತ್ತಡ ಹೊಂದಿಸುವ ವಾಲ್ವ್ ಇರುವುದುಂಟು. ಚಾಸಿಗೆ ಜಾಕ್ ಕೊಟ್ಟು ಚಕ್ರ ಜೋತುಬಿಟ್ಟರೆ ಅದು ಹಿಂದಿನ ದಾರಿಯನ್ನು ಕಟ್ಟಿಬಿಡುವುದರಿಂದ, ಚಕ್ರಗಳು ನೆಲದ ಮೇಲಿರುವಾಗಲೇ ಈ ಕೆಲಸ ಮುಗಿಸಿ. ಹಳೆಯ ಆಯಿಲನ್ನು ತೋಟದ ಕಪ್ಪಿಗೋ (ಬಸಿಗಾಲುವೆ) ಹಳ್ಳಕ್ಕೋ ಚೆಲ್ಲದೆ, ಮಕ್ಕಳಿಗೂ ದನಕರುಗಳಿಗೂ ಸಿಗದಂತೆ ಬಾಟಲಿಯಲ್ಲಿ ಮುಚ್ಚಿ, ಹಳೆ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ.

ಈಗ ಮೊದಲಿನ ಪರೀಕ್ಷೆಯನ್ನೇ ಮತ್ತೆ ಮಾಡಿ: ಪೆಡಲ್ ಒಂದು ನಿಮಿಷ ಅಲುಗದೆ ನಿಲ್ಲಬೇಕು. ಅಂಗಳದಲ್ಲಿ ನಡಿಗೆಯ ವೇಗದಲ್ಲಿ, ಕೈ ಹ್ಯಾಂಡ್ ಬ್ರೇಕಿನ ಮೇಲಿಟ್ಟುಕೊಂಡು ನಾಲ್ಕಾರು ಬಾರಿ ನಿಲ್ಲಿಸಿ ನೋಡಿ, ಅನಂತರ ಖಾಲಿ ಗಾಡಿಯನ್ನು ಸಪಾಟು ರಸ್ತೆಯಲ್ಲಿ ಓಡಿಸಿ. ಮಾರನೆಯ ಬೆಳಿಗ್ಗೆ ಎಲ್ಲ ಜೋಡಣೆಗಳ ಸುತ್ತ ಒಣ ಕಾಗದ ಒತ್ತಿ ನೋಡಿ, ಡಬ್ಬಿಯ ಮಟ್ಟವನ್ನು ಗುರುತಿನೊಡನೆ ಹೋಲಿಸಿ. ಕಾಗದ ಒಣಗಿಯೇ ಇದ್ದು ಮಟ್ಟ ಇಳಿದಿಲ್ಲವೆಂದಾದ ಮೇಲೆ ಹೊರೆ ಹೇರಿ ಘಾಟಿಗೆ ಇಳಿಸಬಹುದು. ಮೊದಲ ಇಳಿತದಲ್ಲಿ ಎರಡನೇ ಗೇರಿನಲ್ಲೇ ಹೋಗಿ, ಕೆಳಗೆ ಸೋಮೇಶ್ವರ ತಲುಪಿದಾಗ ಬಾನೆಟ್ ತೆರೆದು ಬೂಸ್ಟರಿನ ಜೋಡಣೆಯನ್ನು ಇನ್ನೊಮ್ಮೆ ಬೆರಳಿನಿಂದ ಮುಟ್ಟಿ ನೋಡಿ.