ಒಳಟೈರಿನ ಗಾಳಿ: ಆರು ಗಾಲಿಯ 407ರಲ್ಲಿ ನನ್ನ ಅನುಭವ

ಟೊಮೆಟೊ ಹಂಗಾಮಿನಲ್ಲಿ ನನ್ನ ಸಣ್ಣ ಲಾರಿ, ಟಾಟಾ 407, ಕೋಲಾರದ ಮಾರುಕಟ್ಟೆಯಿಂದ ಚೆನ್ನೈನ ಕೋಯಂಬೇಡು ಮಾರುಕಟ್ಟೆಗೆ ಓಡುತ್ತದೆ. ಸಂಜೆ ಕ್ರೇಟು ತುಂಬಿ ಹೊರಟರೆ ನಸುಕಿಗೆ ಅಲ್ಲಿರಬೇಕು. ದಾರಿಯಲ್ಲಿ ಟೈರು ಕೈಕೊಟ್ಟರೆ ಆ ಬಾಡಿಗೆಯೇ ಮಣ್ಣುಪಾಲು. ಹಿಂಭಾಗದಲ್ಲಿ ಜೋಡಿಗಾಲಿ, ಅಂದರೆ ಒಂದೊಂದು ಬದಿಗೆ ಎರಡೆರಡು ಗಾಲಿ, ಇರುವ ಗಾಡಿಯಲ್ಲಿ ತೊಂದರೆಯ ಮೂಲ ಹೆಚ್ಚಾಗಿ ಒಳಟೈರೇ, ಜೋಡಿಯಲ್ಲಿ ಒಳಬದಿಗಿರುವ ಟೈರು. ಹೊರಗಿನದನ್ನು ಎಲ್ಲರೂ ನೋಡುತ್ತಾರೆ. ಒದ್ದು ಪರೀಕ್ಷಿಸುವವರೂ ಅದನ್ನೇ ಒದೆಯುತ್ತಾರೆ.

ಒಳಟೈರಿನ ಗಾಳಿ ಪೂರ್ತಿ ಇಳಿದರೂ ಗಾಡಿ ಕಣ್ಣಿಗೆ ಬೀಳುವಷ್ಟು ವಾಲುವುದಿಲ್ಲ. ಪಕ್ಕದ ಟೈರು ಎರಡರ ಭಾರವನ್ನೂ ಹೊತ್ತು ನಿಂತಿರುತ್ತದೆ. ಹಾಗೆಯೇ ಓಡಿಸಿದರೆ ಅದು ಕಾದು ಸಿಡಿಯುತ್ತದೆ. ಆಗ ಜನ ಸಿಡಿದ ಟೈರಿನ ಕಂಪನಿಯನ್ನು ಬೈಯುತ್ತಾರೆ. ಒಳಗೆ ಚಪ್ಪಟೆಯಾಗಿ ಕುಳಿತದ್ದನ್ನು ಯಾರೂ ವಿಚಾರಿಸುವುದಿಲ್ಲ.

ರಾಡಿನಿಂದ ಬಡಿದು ಸದ್ದು ಕೇಳುವ ಪದ್ಧತಿಯನ್ನು ನಾನು ನಂಬುವುದಿಲ್ಲ. ಗಾಳಿಯೇ ಇಲ್ಲದ ಟೈರು ಸದ್ದಿನಲ್ಲಿ ಸಿಕ್ಕಿಬೀಳುತ್ತದೆ, ನಿಜ. ಆದರೆ ಗಾಳಿಯ ಒತ್ತಡ 80 ಪೌಂಡ್ (ಪಿಎಸ್‌ಐ) ಇರಬೇಕಾದಲ್ಲಿ 60 ಇದೆ ಎಂಬುದು ಎಂಥ ಅನುಭವಿಯ ಕಿವಿಗೂ ಕೇಳಿಸದು. ಟೈರನ್ನು ಕೊಲ್ಲುವುದು ಆ ಇಪ್ಪತ್ತು ಪೌಂಡೇ.

ಆದ್ದರಿಂದ ಗಾಳಿ ಅಳೆಯುವ ಸ್ವಂತ ಮೀಟರ್ ಇಟ್ಟುಕೊಂಡಿದ್ದೇನೆ, ಅದೂ ಲಾರಿಯವರು ಬಳಸುವ ಎರಡು ಬಾಯಿಯದು. ಜೋಡಿಯಲ್ಲಿ ಎರಡು ಡಿಸ್ಕುಗಳು ಬೆನ್ನಿಗೆ ಬೆನ್ನು ಕೊಟ್ಟು ಕೂರುವುದರಿಂದ ಒಳಗಾಲಿಯ ವಾಲ್ವ್ ನಮ್ಮ ಕಡೆ ಮುಖ ಮಾಡಿರುತ್ತದೆ, ಹೊರಗಾಲಿಯದು ಗಾಡಿಯ ಕಡೆ ತಿರುಗಿರುತ್ತದೆ. ಹೊರಗಾಲಿಯ ಡಿಸ್ಕಿನ ತೂತಿನಲ್ಲಿ ಮೀಟರ್ ತೂರಿಸಿ ನೇರ ಬಾಯಿಯನ್ನು ಒಳಗಿನದಕ್ಕೆ ಒತ್ತುತ್ತೇನೆ. ಹಿಂದಕ್ಕೆ ಬಾಗಿದ ಬಾಯಿಯಿಂದ ಹೊರಗಿನದನ್ನು ಹಿಡಿಯುತ್ತೇನೆ. ಗಾಲಿ ಬಿಚ್ಚಿ ಹಾಕುವಾಗಲೆಲ್ಲ ಎರಡು ವಾಲ್ವ್‌ಗಳೂ ಒಂದಕ್ಕೊಂದು ಅರ್ಧ ಸುತ್ತಿನ ಅಂತರದಲ್ಲಿ ಬರುವಂತೆ ಕೂರಿಸಲು ಪಂಕ್ಚರ್ ಅಂಗಡಿಯ ಹುಡುಗನ ಪಕ್ಕದಲ್ಲೇ ನಿಂತು ಹೇಳುತ್ತೇನೆ. ಅವಸರದಲ್ಲಿ ಹೇಗೆಂದರೆ ಹಾಗೆ ಕೂರಿಸಿದರೆ ಒಳಗಿನ ವಾಲ್ವ್ ಡಿಸ್ಕಿನ ಹಿಂದೆ ಮರೆಯಾಗುತ್ತದೆ. ಕೈಗೆ ಎಟುಕದ ವಾಲ್ವ್‌ಗೆ ಗಾಳಿ ನೋಡುವವರು ಯಾರು?

ನೋಡುವ ಹೊತ್ತೂ ಮುಖ್ಯ. ರಾತ್ರಿಯಿಡೀ ನಿಂತ ಗಾಡಿಯಲ್ಲಿ, ಬಿಸಿಲು ಬೀಳುವ ಮೊದಲು ನೋಡುತ್ತೇನೆ. ಒಂದು ಮಗ್ಗುಲಿಗೆ ಬಿಸಿಲು, ಇನ್ನೊಂದಕ್ಕೆ ನೆರಳು ಇದ್ದರೂ ಮೀಟರ್ ಬೇರೆ ಬೇರೆ ತೋರಿಸುತ್ತದೆ. ಎಷ್ಟಿರಬೇಕೆಂಬುದಕ್ಕೆ ಕಂಪನಿಯ ಕೈಪಿಡಿಯೇ ಆಧಾರ, ಪಕ್ಕದ ಗಾಡಿಯವರ ಮಾತಲ್ಲ. ಟೈರಿನ ಗೋಡೆಯ, ಅಂದರೆ ಪಕ್ಕದ ಭಾಗದ, ಮೇಲೆ ಸಿಂಗಲ್ (ಒಂಟಿ), ಡ್ಯುಯಲ್ (ಜೋಡಿ) ಎಂದು ಎರಡು ತೂಕ ಅಚ್ಚಾಗಿರುತ್ತವೆ. ಜೋಡಿಯಲ್ಲಿ ಹಾಕಿದ ಟೈರಿಗೆ ಹೊರಬಲ್ಲ ಭಾರ ಕಡಿಮೆಯೇ. ಗಾಲಿ ನಾಲ್ಕಿವೆ ಎಂದು ಲೋಡು ಏರಿಸುವವರು ಇದನ್ನು ಓದಬೇಕು.

ಇನ್ನು ಬಿಸಿ. 80 ಪೌಂಡ್ ಇರುವ ಟೈರಿನೊಳಗೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಒತ್ತಡ ಸುಮಾರು 3 ಪೌಂಡ್ ಹೆಚ್ಚುತ್ತದೆ. ಪಲಮನೇರು ದಾಟಿ ಮೊಗಿಲಿ ಘಾಟಿ ಇಳಿಯುವಾಗ ಬ್ರೇಕ್ ಡ್ರಮ್ ಕಾದು, ಆ ಕಾವು ಮೊದಲು ಒಳಗಾಲಿಗೆ ತಟ್ಟುತ್ತದೆ. ಒಳಗಾಲಿಗೆ ತಂಗಾಳಿಯೂ ಸರಿಯಾಗಿ ಸಿಗದು. ಚಿತ್ತೂರಿನಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಮೀಟರ್ ಹೆಚ್ಚು ತೋರಿಸಿತೆಂದು ಗಾಳಿ ಬಿಡುವವರನ್ನು ನೋಡಿದ್ದೇನೆ. ಟೈರು ತಣಿದಾಗ ಗಾಳಿ ಕಡಿಮೆಯಾಗಿರುತ್ತದೆ. ಮತ್ತೆ ಓಡಿದಾಗ ಗೋಡೆ ಹೆಚ್ಚು ಮಡಚಿ ಇನ್ನಷ್ಟು ಕಾಯುತ್ತದೆ. ಗಾಳಿ ಕಡಿಮೆಯಾದ ಜೋಡಿಯ ಹೊಟ್ಟೆಗಳು ಉಬ್ಬಿ ಒಂದಕ್ಕೊಂದು ಉಜ್ಜುವುದೂ ಉಂಟು. ನಾನಂತೂ ಬಿಸಿ ಟೈರಿನಿಂದ ಗಾಳಿ ಬಿಡುವುದಿಲ್ಲ. ಅಂಗೈಯಿಂದ ಮುಟ್ಟಿ, ಜೋಡಿಯಲ್ಲಿ ಒಂದು ಇನ್ನೊಂದಕ್ಕಿಂತ ತೀರಾ ಹೆಚ್ಚು ಬಿಸಿಯಾಗಿದೆಯೇ ಎಂದಷ್ಟೇ ನೋಡುತ್ತೇನೆ.

ಜೋಡಿಯಲ್ಲಿ ಸವೆದದ್ದೊಂದು, ಹೊಸದೊಂದು ಇದ್ದರೆ ಗಾಳಿ ಸಮವಿದ್ದೂ ಫಲವಿಲ್ಲ. ಎರಡೂ ಒಂದೇ ಹಬ್ಬಿಗೆ ಕಟ್ಟಿದ ಗಾಲಿಗಳು, ಒಂದೇ ಸುತ್ತು ಸುತ್ತಬೇಕು. ನಮ್ಮ 7.50-16 ಅಳತೆಯಲ್ಲಿ ವ್ಯಾಸ 6 ಮಿಲಿಮೀಟರ್ ಹೆಚ್ಚುಕಡಿಮೆಯಾದರೆ ಪ್ರತಿ ಕಿಲೋಮೀಟರಿಗೆ ಏಳು ಮೀಟರಿನಷ್ಟು ಅಂತರ ಬೀಳುತ್ತದೆ. ಅಷ್ಟನ್ನೂ ರಸ್ತೆಯ ಮೇಲೆ ಉಜ್ಜಿಯೇ ಸರಿದೂಗಿಸಬೇಕು. ಅದಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಜೋಡಿ ಮಾಡುವುದಿಲ್ಲ. ತುಸು ಸವೆದದ್ದನ್ನು ಒಳಗೆ ಹಾಕುತ್ತೇನೆ, ರಸ್ತೆಯ ನಡುಭಾಗ ಎತ್ತರವಿರುವುದರಿಂದ.

ಜೋಡಿಯ ಸಂದಿನಲ್ಲಿ ಸಿಕ್ಕಿದ ಕಲ್ಲನ್ನು ಹೊರಡುವ ಮೊದಲು ತೆಗೆಯುತ್ತೇನೆ. ವಾಲ್ವ್‌ಗೆ ಲೋಹದ ಮುಚ್ಚಳ ಹಾಕಿದ್ದೇನೆ. ಪ್ಲಾಸ್ಟಿಕ್ಕಿನದು ಕೆಸರಿನ ದಾರಿಯಲ್ಲಿ ಬಾಳುವುದಿಲ್ಲ.

ಸ್ಟೆಪ್ನಿಗೂ ಇದೇ ಲೆಕ್ಕ. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಕೈಪಿಡಿ ಹೇಳುವ ಒತ್ತಡ ಬೇರೆಯಾಗಿದ್ದರೆ, ಹೆಚ್ಚಿನದನ್ನೇ ಸ್ಟೆಪ್ನಿಯಲ್ಲಿ ತುಂಬಿಸಿಡುತ್ತೇನೆ. ನಡುರಾತ್ರಿ ಘಾಟಿಯಲ್ಲಿ ಗಾಲಿ ಬದಲಿಸಿದಾಗ ಹೆಚ್ಚಿದ್ದರೆ ಬಿಡಬಹುದು, ಕಡಿಮೆಯಿದ್ದರೆ ತುಂಬಿಸಲು ಬೆಳಗಿನವರೆಗೆ ಅಂಗಡಿ ತೆರೆಯುವುದಿಲ್ಲ.