ಕಲಾ ಹಾಸ್ಟೆಲ್‌ನಲ್ಲಿ ಸೀಟು ಸಿಕ್ಕಿದೆಯಾ? ಇಷ್ಟು ತಿಳಿದಿರಲಿ

ಕೆಲವು ವಿಶ್ವವಿದ್ಯಾಲಯಗಳು ಹಾಸ್ಟೆಲ್‌ನ ಒಂದು ಮಹಡಿಯನ್ನೋ ಇಡೀ ಕಟ್ಟಡವನ್ನೋ ಕಲೆಯ ಹುಚ್ಚು ಇರುವವರಿಗೆ ಅಂತಲೇ ಬಿಟ್ಟಿರುತ್ತವೆ. ಚಿತ್ರ ಬಿಡಿಸುವವರು, ಹಾಡುವವರು, ನಾಟಕದವರು, ಕ್ಯಾಮೆರಾ ಹಿಡಿದವರು, ಎಲ್ಲರೂ ಒಂದೇ ಸೂರಿನಡಿ. ಕಲೆಯನ್ನೇ ಓದುತ್ತಿರಬೇಕು ಅನ್ನುವ ನಿಯಮ ಎಷ್ಟೋ ಕಡೆ ಇಲ್ಲ, ಎಂಜಿನಿಯರಿಂಗ್ ಓದುತ್ತಾ ಸಂಜೆ ಕೊಳಲು ನುಡಿಸುವವರೂ ಅರ್ಜಿ ಹಾಕಬಹುದು. ಅರ್ಜಿಯಲ್ಲಿ ಬಹುಮಾನಗಳ ಪಟ್ಟಿ ಕೊಡಬೇಡಿ. ಈಗ ಏನು ಮಾಡುತ್ತಿದ್ದೀರಿ, ಬೇರೆಯವರ ಜೊತೆ ಸೇರಿ ಏನು ಮಾಡುವ ಆಸೆ ಇದೆ, ಅದನ್ನು ಬರೆಯಿರಿ.

ಸೀಟು ಒಪ್ಪಿಕೊಳ್ಳುವ ಮುಂಚೆ ಅಭ್ಯಾಸದ ಕೋಣೆ ರಾತ್ರಿ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ, ಹಸಿ ಕ್ಯಾನ್ವಾಸ್ ಒಣಗಿಸಲು ಜಾಗ ಎಲ್ಲಿದೆ ಅಂತ ಕೇಳಿಕೊಳ್ಳಿ. ಆಯಿಲ್ ಪೇಂಟ್ ಮುಟ್ಟುವಷ್ಟು ಒಣಗಲು ದಿನಗಟ್ಟಲೆ ಬೇಕು, ದಪ್ಪಗೆ ಬಳಿದರೆ ಇನ್ನೂ ಜಾಸ್ತಿ. ಅಷ್ಟೂ ದಿನ ರೂಮ್‌ಮೇಟ್ ಆ ವಾಸನೆಯಲ್ಲೇ ಮಲಗಬೇಕಾಗುತ್ತದೆ, ಅಲ್ವಾ? ಆಯಿಲ್ ಪೇಂಟ್ ತೆಳುವಾಗಿಸಲು ಬಳಸುವ, ಘಾಟು ವಾಸನೆಯ ಟರ್ಪೆಂಟೈನ್ ಬಾಟಲಿಯನ್ನಂತೂ ಮಲಗುವ ಕೋಣೆಯಲ್ಲಿ ತೆರೆಯಲೇಬೇಡಿ.

ಆಯಿಲ್ ಪೇಂಟ್‌ಗೆ ಬಳಸುವ ಲಿನ್ಸೀಡ್ (ಅಗಸೆ) ಎಣ್ಣೆ ಒರೆಸಿದ ಬಟ್ಟೆಯ ಬಗ್ಗೆ ಹೊಸಬರಿಗೆ ಯಾರೂ ಹೇಳುವುದೇ ಇಲ್ಲ, ಅದಕ್ಕೇ ಇಲ್ಲಿ ಒತ್ತಿ ಹೇಳುತ್ತಿದ್ದೇನೆ. ಆ ಎಣ್ಣೆ ಗಾಳಿಯ ಜೊತೆ ಸೇರಿ ಒಣಗುವಾಗ ಬಿಸಿ ಹುಟ್ಟುತ್ತದೆ. ಬಟ್ಟೆಯನ್ನು ಉಂಡೆ ಕಟ್ಟಿ ಕಸದ ಬುಟ್ಟಿಗೆ ಎಸೆದರೆ ಆ ಬಿಸಿ ಹೊರಗೆ ಹೋಗಲಾರದೆ, ಯಾರೂ ಕಡ್ಡಿ ಗೀರದೆಯೇ ಬೆಂಕಿ ಹತ್ತಬಹುದು. ಸ್ಟುಡಿಯೋದಲ್ಲಿ ಮುಚ್ಚಳ ಇರುವ ಲೋಹದ ಡಬ್ಬಿ ಇಟ್ಟಿದ್ದರೆ ಅದಕ್ಕೇ ಹಾಕಿ.

ಸಿಂಕ್ ವಿಷಯಕ್ಕೆ ಆಗುವಷ್ಟು ಜಗಳ ಬೇರೆ ಯಾವುದಕ್ಕೂ ಆಗುವುದಿಲ್ಲ. ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣ ಒಣಗಿದರೆ ಪ್ಲಾಸ್ಟಿಕ್ಕೇ. ಬ್ರಷ್ಷನ್ನು ಮೊದಲು ಕಾಗದದಲ್ಲಿ ಚೆನ್ನಾಗಿ ಒರೆಸಿ, ಆಮೇಲೆ ತೊಳೆಯಿರಿ. ಪ್ಲಾಸ್ಟರ್ ಕಲಸಿದ ನೀರನ್ನು ಸಿಂಕ್‌ಗೆ ಸುರಿಯಬೇಡಿ, ಅದು ನೀರಿನೊಳಗೇ ಗಟ್ಟಿಯಾಗುವ ವಸ್ತು, ಪೈಪ್ ಕಟ್ಟಿಕೊಳ್ಳುತ್ತದೆ. ಬಕೆಟ್‌ನಲ್ಲೇ ಬಿಟ್ಟು, ಗಟ್ಟಿಯಾದ ಮೇಲೆ ಕಸಕ್ಕೆ ಹಾಕಿ.

ಸದ್ದು ಇನ್ನೊಂದು ತಲೆನೋವು. ಎಲೆಕ್ಟ್ರಾನಿಕ್ ಡ್ರಮ್ ಪ್ಯಾಡ್‌ಗೆ ಹೆಡ್‌ಫೋನ್ ಹಾಕಿಕೊಂಡರೂ ಕಾಲಿನ ಪೆಡಲ್ಲಿನ ಏಟು ನೆಲದ ಮೂಲಕ ಕೆಳಗಿನ ಕೋಣೆಗೆ ಇಳಿಯುತ್ತದೆ. ಗಾಯಕರಿಗೆ, ಊದುವ ವಾದ್ಯದವರಿಗೆ ಹೆಡ್‌ಫೋನಿನ ದಾರಿಯೂ ಇಲ್ಲ, ಅಭ್ಯಾಸದ ಕೋಣೆಯನ್ನು ವಾರದ ಮೊದಲೇ ಬುಕ್ ಮಾಡಿಕೊಳ್ಳಬೇಕು. ಪಕ್ಕದವರ ಪರೀಕ್ಷೆ ಯಾವಾಗ ಅಂತ ನೀವೇ ಮೊದಲು ಹೋಗಿ ಕೇಳಿ. ಅವರು ದೂರು ಕೊಟ್ಟ ಮೇಲೆ ಮಾತಾಡುವುದಕ್ಕಿಂತ ಇದು ಎಷ್ಟೋ ಸುಲಭ.

ಈಗ ನಿಜವಾಗಿ ಹೇಳಬೇಕಾಗಿದ್ದಕ್ಕೆ ಬರುತ್ತೇನೆ. ಅರ್ಧಂಬರ್ಧ ಕೆಲಸವನ್ನು ಕೋಣೆಯಲ್ಲಿ ಬಚ್ಚಿಡಬೇಡಿ, ಕಾಮನ್ ರೂಮಿಗೆ ತನ್ನಿ. ಮುಗಿದದ್ದನ್ನು ತೋರಿಸಲು ಪ್ರದರ್ಶನಗಳಿವೆ, ಮುಗಿಯದ್ದನ್ನು ನೋಡುವ ಬೇರೆ ಬೇರೆ ಕಣ್ಣುಗಳು ಸಿಗುವುದು ಇಂಥ ಕಡೆ ಮಾತ್ರ. ಗೋಡೆಗೆ ಒರಗಿಸಿಟ್ಟಿದ್ದ ಒಂದು ಭಾವಚಿತ್ರದ ಮುಂದೆ ನಾಟಕದ ಹುಡುಗಿಯೊಬ್ಬಳು ನಿಂತು, 'ಇವರು ಉಸಿರು ಬಿಗಿಹಿಡಿದಿದ್ದಾರಲ್ಲ' ಅಂದಿದ್ದನ್ನು ನಾನು ಕೇಳಿದ್ದೇನೆ. ಭುಜ ಒಂದಿಷ್ಟು ಮೇಲೆದ್ದಿತ್ತು. ಬಿಡಿಸಿದವನಿಗೆ ಏನೋ ಸರಿಯಿಲ್ಲ ಅಂತ ಗೊತ್ತಿತ್ತು, ಎಲ್ಲಿ ಅಂತ ಗೊತ್ತಿರಲಿಲ್ಲ, ಅದನ್ನು ಹಿಡಿದಿದ್ದು ದಿನವೂ ಮೈಯನ್ನೇ ಬಳಸಿ ಅಭಿನಯಿಸುವವಳು.

ಆದರೆ ಸುಮ್ನೆ 'ಹೇಗಿದೆ?' ಅಂತ ಕೇಳಿದರೆ 'ಚೆನ್ನಾಗಿದೆ' ಅಂತಾರೆ, ಅಲ್ಲಿಗೆ ಮುಗೀತು. 'ಎರಡನೇ ದೃಶ್ಯದಲ್ಲಿ ಎಲ್ಲಿ ಬೋರ್ ಆಯ್ತು?' ಅಂತ ಕೇಳಿ ನೋಡಿ. ಬೇರೆಯವರದ್ದನ್ನು ನೋಡುವಾಗಲೂ ಅಷ್ಟೇ, ಅವರು ಏನು ಮಾಡಹೊರಟಿದ್ದಾರೆ ಅಂತ ಮೊದಲು ಕೇಳಿ, ಆಮೇಲೆ ನಿಮ್ಮ ಅಭಿಪ್ರಾಯ ಹೇಳಿ.

ಲೈಟ್ ಹಿಡಿಯಲು, ಚಿಕ್ಕ ಪಾತ್ರಕ್ಕೆ, ಪೋಸ್ಟರ್‌ಗೆ ಅಂತ ದಿನಾ ಯಾರಾದರೂ ಕರೆಯುತ್ತಲೇ ಇರುತ್ತಾರೆ. ಮೊದಲ ಸೆಮಿಸ್ಟರ್‌ನಲ್ಲಿ ಧಾರಾಳವಾಗಿ ಹೋಗಿ, ಗೆಳೆತನ ಆಗುವುದೇ ಹಾಗೆ. ಓದು ಹಿಂದೆ ಬೀಳುತ್ತಿದ್ದರೆ ಮಾತ್ರ 'ಈ ವಾರ ಆಗಲ್ಲ' ಅಂತ ನೇರವಾಗಿ ಹೇಳಿಬಿಡಿ. ಒಪ್ಪಿಕೊಂಡು ರಿಹರ್ಸಲ್‌ಗೆ ಕೈಕೊಟ್ಟರೆ ಇಡೀ ತಂಡ ನಿಂತುಹೋಗುತ್ತದೆ.

ಇನ್ನು, ಯಾರದ್ದೇ ಮುಗಿಯದ ಚಿತ್ರವಾಗಲಿ ರಾಗವಾಗಲಿ, ಅವರನ್ನು ಕೇಳದೆ ಫೋಟೋ, ವಿಡಿಯೋ ಹಾಕಬೇಡಿ. ಅವರು ಒಪ್ಪಿ ಹಾಕಿದಾಗಲೂ ಮಾಡಿದವರ ಹೆಸರು ಜೊತೆಗಿರಲಿ.