ಫ್ಲಾರೆನ್ಸ್‌ನಿಂದ ಬೆಳಿಗ್ಗೆ ಹೊರಟು ರಾತ್ರಿ ಊಟಕ್ಕೆ ವಾಪಸ್: ಯಾವ ಊರಿನ ರೈಲು ಹತ್ತಬೇಕು?

ಇಟಲಿಯ ಫ್ಲಾರೆನ್ಸ್‌ನಲ್ಲಿ ನಾಲ್ಕೈದು ದಿನ ಉಳಿದವರಿಗೆ ಮೂರನೇ ದಿನದ ಹೊತ್ತಿಗೆ ಕತ್ತು ನೋಯಲು ಶುರುವಾಗುತ್ತದೆ. ಚಾವಣಿಯ ಚಿತ್ರ, ಗೋಪುರ, ಶಿಲ್ಪ ಅಂತ ಮೇಲೆ ನೋಡಿ ನೋಡಿ ಸಾಕಾಗಿರುತ್ತದೆ. ‘ನಾಳೆ ಎಲ್ಲಾದರೂ ಹೊರಗೆ ಹೋಗಿ ಬರೋಣ’ ಅನ್ನಿಸುವುದು ಆಗಲೇ. ಮೊಬೈಲ್ ತೆಗೆದರೆ ಹತ್ತು ಊರಿನ ಹೆಸರು ಕಾಣುತ್ತವೆ. ಪೀಸಾ, ಲುಕ್ಕಾ, ಸಿಯೆನಾ, ಅರೆಟ್ಸೊ, ಬೊಲೊನ್ಯಾ. ಎಲ್ಲಕ್ಕೂ ರೈಲಿದೆ. ಹೆಚ್ಚೆಂದರೆ ಒಂದೂವರೆ ಗಂಟೆ. ಯಾವುದಕ್ಕೆ ಹೋಗುವುದು?

ಹೆಸರು ನೋಡಿ ಆರಿಸಬೇಡಿ. ಸ್ಟೇಷನ್ ಎಲ್ಲಿದೆ ಅಂತ ನೋಡಿ ಆರಿಸಿ.

ಮೊದಲು ನಕ್ಷೆ, ಆಮೇಲೆ ಟಿಕೆಟ್

ಫ್ಲಾರೆನ್ಸ್ ಇರುವ ಟಸ್ಕನಿ ಪ್ರಾಂತ್ಯದ ಹಳೆಯ ಊರುಗಳಲ್ಲಿ ತುಂಬಾ ಊರುಗಳು ಗುಡ್ಡದ ತಲೆಯ ಮೇಲಿವೆ. ಶತ್ರುಗಳ ಕಾಟ ಇದ್ದ ಕಾಲದಲ್ಲಿ ಕಟ್ಟಿದವು. ರೈಲು ಬಂದದ್ದು 19ನೇ ಶತಮಾನದಲ್ಲಿ. ರೈಲಿಗೆ ಏರು ಆಗಿಬರುವುದಿಲ್ಲ, ಹಾಗಾಗಿ ಹಳಿ ಹಾಕಿದ್ದು ಕೆಳಗೆ, ಕಣಿವೆಯಲ್ಲಿ. ಸ್ಟೇಷನ್ನಿಗೂ ಊರಿಗೂ ಹೆಸರು ಒಂದೇ, ನಡುವೆ ಮಾತ್ರ ಒಂದು ಗುಡ್ಡ. ಚಾಮುಂಡಿ ಬೆಟ್ಟದ ಬುಡದಲ್ಲಿ ಇಳಿಸಿ ‘ದೇವಸ್ಥಾನ ಬಂತು, ಇಳೀರಿ’ ಅಂದ ಹಾಗೆ.

ಆದ್ದರಿಂದ ನಕ್ಷೆಯಲ್ಲಿ ಸ್ಟೇಷನ್ನಿನಿಂದ ಊರಿನ ನಡುವಿನ ಚೌಕಕ್ಕೆ ನಡಿಗೆಯ ದಾರಿ ಹಾಕಿ ನೋಡಿ. ಹದಿನೈದು ನಿಮಿಷದೊಳಗಿದ್ದರೆ ಕಣ್ಣು ಮುಚ್ಚಿಕೊಂಡು ಹೋಗಬಹುದು. ಲುಕ್ಕಾ ಮತ್ತು ಅರೆಟ್ಸೊ ಇಂಥವು. ಕೊರ್ತೊನಾಕ್ಕೆ ಹೋಗಬೇಕಾದರೆ ಕಾಮುಚಿಯಾ ಎಂಬಲ್ಲಿ ಇಳಿದು, ಮೇಲಕ್ಕೆ ಬಸ್ಸು ಕಾಯಬೇಕು. ಸಾನ್ ಜಿಮಿನ್ಯಾನೊಗೆ ರೈಲೇ ಇಲ್ಲ. ಪೊಜ್ಜಿಬೊನ್ಸಿಯಲ್ಲಿ ಇಳಿದು ಬಸ್ಸು ಹಿಡಿಯಬೇಕು.

ಸಿಯೆನಾದ ವಿಷಯ ಬೇರೆಯಾಗಿಯೇ ಹೇಳಬೇಕು. ಊರು ಚಿನ್ನದಂಥದ್ದು. ಆದರೆ ರೈಲಿಗೆ ಸುಮಾರು ಒಂದೂವರೆ ಗಂಟೆ, ಕೆಲವು ಸಲ ಎಂಪೊಲಿಯಲ್ಲಿ ಬದಲಾಯಿಸಬೇಕು. ಇಳಿದ ಮೇಲೆ ಒಂದರ ಮೇಲೊಂದು ಎಸ್ಕಲೇಟರ್ ಹತ್ತಿ ಮೇಲೆ ಹೋಗಬೇಕು. ಫ್ಲಾರೆನ್ಸ್‌ನಿಂದ ಹೊರಡುವ ಬಸ್ಸಾದರೆ ಹಳೇ ಊರಿನ ಅಂಚಿಗೇ ತಂದು ಬಿಡುತ್ತದೆ. ರೈಲಿನ ಲೇಖನದಲ್ಲಿ ಬಸ್ಸಿಗೆ ಹೋಗಿ ಅನ್ನುವುದು ಸ್ವಲ್ಪ ವಿಚಿತ್ರವೇ, ಆದರೂ ಸಿಯೆನಾಕ್ಕೆ ಬಸ್ಸೇ ಸರಿ. ಜುಲೈ 2 ಮತ್ತು ಆಗಸ್ಟ್ 16ರಂದು ಅಲ್ಲಿ ಪಾಲಿಯೊ ಕುದುರೆ ಓಟ. ಜನಜಂಗುಳಿ ಆಗದವರು ಆ ದಿನಗಳಲ್ಲಿ ಆ ಕಡೆ ತಲೆ ಹಾಕಬೇಡಿ.

ಇನ್ನು ಚಿಂಕ್ವೆ ತೆರ್ರೆ ಎಂಬ ಐದು ಹಳ್ಳಿಗಳು. ಸಮುದ್ರದಂಚಿನ ಆ ಬಣ್ಣದ ಮನೆಗಳ ಫೋಟೊ ನೋಡಿ ಎಲ್ಲರಿಗೂ ಆಸೆ. ಲಾ ಸ್ಪೆಝಿಯಾದಲ್ಲಿ ರೈಲು ಬದಲಾಯಿಸಿ ಹೋಗಲು ಎರಡೂವರೆ ಗಂಟೆ, ಬರಲು ಅಷ್ಟೇ. ಒಂದೇ ದಿನದಲ್ಲಿ ಹೋಗಿ ಬಂದವರಿಗೆ ನೆನಪಿರುವುದು ರೈಲಿನ ಸೀಟು ಮಾತ್ರ. ಅಲ್ಲೇ ಒಂದು ರಾತ್ರಿ ಉಳಿಯುವುದಾದರೆ ಹೋಗಿ.

ಯಾವ ರೈಲು?

ಇಲ್ಲಿ ಎರಡು ಜಾತಿಯ ರೈಲು ನೆನಪಿಟ್ಟುಕೊಂಡರೆ ಸಾಕು. ಒಂದು ರೆಜೊನಾಲೆ, ಅಂದರೆ ಊರೂರು ನಿಲ್ಲುವ ರೈಲು. ದೂರಕ್ಕೆ ತಕ್ಕಂತೆ ದರ, ಇವತ್ತು ಕೊಂಡರೂ ಒಂದೇ, ತಿಂಗಳ ಹಿಂದೆ ಕೊಂಡಿದ್ದರೂ ಒಂದೇ. ಸೀಟು ನಂಬರ್ ಇಲ್ಲ, ಖಾಲಿ ಇದ್ದಲ್ಲಿ ಕೂರುವುದು. ಇದರಲ್ಲೇ ರೆಜೊನಾಲೆ ವೆಲೊಚೆ ಅಂತ ಒಂದಿದೆ. ಅದು ಕಡಿಮೆ ಕಡೆ ನಿಲ್ಲುತ್ತದೆ. ಇನ್ನೊಂದು ಜಾತಿ ಫ್ರೆಚ್ಚಾರೊಸ್ಸಾ, ಇತಾಲೊ ಮುಂತಾದ ವೇಗದ ರೈಲು. ಸೀಟು ಕಾದಿರಿಸಲೇಬೇಕು, ವಿಮಾನದ ಟಿಕೆಟ್ಟಿನ ಹಾಗೆ ದಿನ ಹತ್ತಿರವಾದಂತೆ ದರ ಏರುತ್ತದೆ.

ಪೀಸಾ, ಲುಕ್ಕಾ, ಅರೆಟ್ಸೊಗೆ ಮೊದಲನೆಯದೇ ಸಾಕು. ಮೊದಲೇ ಬುಕ್ ಮಾಡುವ ಗೊಡವೆಯೂ ಬೇಡ. ಬೆಳಿಗ್ಗೆ ಎದ್ದು ಮಳೆಯೋ ಬಿಸಿಲೋ ನೋಡಿ ತೀರ್ಮಾನಿಸಬಹುದು. ಬೊಲೊನ್ಯಾಗೆ ಮಾತ್ರ ವೇಗದ ರೈಲು ಲೇಸು.

ಕಾಗದದ ರೆಜೊನಾಲೆ ಟಿಕೆಟ್ ಕೊಂಡರೆ ಒಂದು ಕೆಲಸ ಮರೆಯಬಾರದು. ಪ್ಲಾಟ್‌ಫಾರ್ಮಿನ ಬಳಿ ಚಿಕ್ಕ ಯಂತ್ರಗಳಿರುತ್ತವೆ. ಟಿಕೆಟ್ಟಿನ ತುದಿಯನ್ನು ಅದರ ಬಾಯಿಗೆ ತೂರಿಸಿದರೆ ಕಟಕಟ ಅಂತ ದಿನ, ಗಂಟೆ ಅಚ್ಚಾಗುತ್ತದೆ. ಅಲ್ಲಿಂದ ನಾಲ್ಕು ಗಂಟೆ ಅದಕ್ಕೆ ಜೀವ. ಅಚ್ಚು ಹಾಕಿಸದೆ ಹತ್ತಿದರೆ, ದುಡ್ಡು ಕೊಟ್ಟು ಕೊಂಡ ಟಿಕೆಟ್ ಕೈಯಲ್ಲಿದ್ದರೂ ದಂಡ. ಮೊಬೈಲಿನಲ್ಲಿ ಕೊಂಡವರು ಹತ್ತುವ ಮೊದಲು ಚೆಕ್‌-ಇನ್ ಒತ್ತಬೇಕು. ಟಿಕೆಟ್ ಕೊಡುವ ಯಂತ್ರದ ಹತ್ತಿರ ‘ನಾನು ಸಹಾಯ ಮಾಡಲಾ’ ಅಂತ ಯಾರಾದರೂ ಬಂದರೆ ನಕ್ಕು ಬೇಡ ಅನ್ನಿ, ಪರ್ಸಿನ ಮೇಲೆ ಕೈ ಇರಲಿ.

ಬೋರ್ಡಿನಲ್ಲಿ ನಿಮ್ಮ ಊರು ಇರುವುದಿಲ್ಲ

ಸಾಂತಾ ಮರಿಯಾ ನೊವೆಲ್ಲಾ ಫ್ಲಾರೆನ್ಸ್‌ನ ಮುಖ್ಯ ಸ್ಟೇಷನ್. 1930ರ ದಶಕದಲ್ಲಿ ಕಟ್ಟಿದ್ದು. ಹಳಿಗಳು ಅಲ್ಲಿಗೇ ಮುಗಿಯುತ್ತವೆ, ಹಾಗಾಗಿ ಎಲ್ಲ ಪ್ಲಾಟ್‌ಫಾರ್ಮುಗಳೂ ಒಂದೇ ಸಾಲಿನಲ್ಲಿ ಎದುರಿಗೇ ಕಾಣುತ್ತವೆ. ಮೇಲ್ಸೇತುವೆ ಹತ್ತುವ ಪಾಡಿಲ್ಲ. ಪ್ಲಾಟ್‌ಫಾರ್ಮಿಗೆ ಅಲ್ಲಿ ‘ಬಿನಾರಿಯೊ’ ಅನ್ನುತ್ತಾರೆ. ರೈಲು ಹೊರಡಲು ಸ್ವಲ್ಪ ಮುಂಚೆಯಷ್ಟೇ ಅದರ ನಂಬರ್ ಬೋರ್ಡಿನಲ್ಲಿ ಬೀಳುತ್ತದೆ.

ಮೊದಲ ಸಲ ಲುಕ್ಕಾಗೆ ಹೊರಟಾಗ ನಾನು ಈ ಬೋರ್ಡಿನ ಕೆಳಗೆ ನಿಂತು ‘ಲುಕ್ಕಾ’ ಎಂಬ ಹೆಸರಿಗಾಗಿ ಇಪ್ಪತ್ತು ನಿಮಿಷ ಕಾದೆ. ಬರಲೇ ಇಲ್ಲ. ನನ್ನ ಕಣ್ಣೆದುರೇ ‘ವಿಯಾರೆಜ್ಜೊ’ ಅಂತ ಬರೆದಿದ್ದ ರೈಲು ಹೊರಟು ಹೋಯಿತು. ಅದೇ ನನ್ನ ರೈಲು! ಬೋರ್ಡಿನಲ್ಲಿ ದೊಡ್ಡದಾಗಿ ಬರುವುದು ಕೊನೆಯ ಸ್ಟೇಷನ್ನಿನ ಹೆಸರು. ಚನ್ನಪಟ್ಟಣಕ್ಕೆ ಹೋಗುವವರು ಮೈಸೂರು ರೈಲು ಹತ್ತುತ್ತೇವೆ, ಅಲ್ವಾ? ಊರಲ್ಲಿ ಗೊತ್ತಿರುವುದು ಪರದೇಶದಲ್ಲಿ ಹೊಳೆಯುವುದಿಲ್ಲ. ಪೀಸಾ ರೈಲಿಗೆ ಕೆಲವು ಸಲ ‘ಲಿವೊರ್ನೊ’ ಅಂತಿರುತ್ತದೆ. ಅರೆಟ್ಸೊ ರೈಲಿಗೆ ‘ರೋಮಾ’ ಅಂತಲೂ ಇರಬಹುದು.

ಇದಕ್ಕೆ ಮದ್ದು ಗೋಡೆಗೆ ಅಂಟಿಸಿದ ಹಳದಿ ಹಾಳೆ. ಹೊರಡುವ ರೈಲುಗಳ ಪಟ್ಟಿ ಅದು, ನಡುವಿನ ನಿಲ್ದಾಣಗಳ ಹೆಸರೂ ಸಮಯವೂ ಸಣ್ಣಕ್ಷರದಲ್ಲಿ ಇರುತ್ತವೆ. ಬಿಳಿ ಹಾಳೆ ಬರುವ ರೈಲುಗಳದ್ದು, ಅದು ನಿಮಗೆ ಬೇಡ. ‘ರಿತಾರ್ದೊ’ ಅಂದರೆ ತಡ. ‘ಶೋಪೆರೊ’ ಅಂದರೆ ಮುಷ್ಕರ. ಮುಷ್ಕರ ಇದ್ದರೆ ಮೊದಲೇ ತಿಳಿಸುತ್ತಾರೆ. ವಾರದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9ರವರೆಗೆ ಕೆಲವು ರೆಜೊನಾಲೆ ರೈಲುಗಳನ್ನು ಓಡಿಸಲೇಬೇಕೆಂಬ ನಿಯಮವಿದೆ. ಆದರೂ ಅಂಥ ದಿನ ಹೊರಡದಿದ್ದರೆ ಮನಸ್ಸಿಗೆ ನೆಮ್ಮದಿ.

ನನ್ನ ಆಯ್ಕೆ: ಒಂದು ದಿನ, ಎರಡು ಊರು

ಒಂದೇ ದಿನ ಇದ್ದರೆ ನಾನು ಲುಕ್ಕಾ ಮತ್ತು ಪೀಸಾ ಸೇರಿಸಿ ಹೋಗುತ್ತೇನೆ. ಆದರೆ ಈ ಕ್ರಮದಲ್ಲೇ. ಬೆಳಿಗ್ಗೆ ಎಂಟರ ಆಸುಪಾಸಿಗೆ ಲುಕ್ಕಾ ಕಡೆಯ ರೈಲು. ಪ್ರಾತೊ, ಪಿಸ್ತೊಯಾ ದಾಟಿ ಸುಮಾರು ಒಂದು ಗಂಟೆ ಇಪ್ಪತ್ತು ನಿಮಿಷ. ಸ್ಟೇಷನ್ನಿನಿಂದ ಹೊರಗೆ ಬಂದರೆ ಎದುರಿಗೇ ಊರನ್ನು ಸುತ್ತಿದ ಕೋಟೆಗೋಡೆ. ಹುಲ್ಲುಹಾಸು ದಾಟಿ, ಕೋಟೆಯ ಒಳಗೇ ಇರುವ ಕಾಲುದಾರಿ ಹಿಡಿದರೆ ಊರಿನ ಒಳಕ್ಕೆ ಬಂದಿರುತ್ತೀರಿ.

ಈ ಕೋಟೆ ಸುಮಾರು 4 ಕಿಲೊಮೀಟರ್ ಸುತ್ತಳತೆಯದ್ದು, ಎಲ್ಲೂ ಮುರಿದಿಲ್ಲ. ಅದರ ನೆತ್ತಿ ಎಷ್ಟು ಅಗಲ ಎಂದರೆ ಮೇಲೆ ಎರಡು ಸಾಲು ಮರ, ನಡುವೆ ರಸ್ತೆ. ಬಾಡಿಗೆ ಸೈಕಲ್ ಸಿಗುತ್ತದೆ. ಒಂದು ಕಡೆ ಊರಿನ ಹೆಂಚುಗಳು, ಇನ್ನೊಂದು ಕಡೆ ಬಯಲು, ದೂರದಲ್ಲಿ ಬೆಟ್ಟ. ಅಜ್ಜಂದಿರು ನಾಯಿ ಹಿಡಿದುಕೊಂಡು ವಾಕಿಂಗ್ ಬರುತ್ತಾರೆ. ಒಂದು ಸುತ್ತು ಹೊಡೆದು ಕೆಳಗಿಳಿದು ಗ್ವಿನೀಜಿ ಗೋಪುರ ಹತ್ತಿ. ಇನ್ನೂರಕ್ಕೂ ಜಾಸ್ತಿ ಮೆಟ್ಟಿಲು. ತುದಿಯಲ್ಲಿ ನಿಜವಾದ ಓಕ್ ಮರಗಳು ಬೆಳೆದಿವೆ, ಅವುಗಳ ನೆರಳಲ್ಲಿ ನಿಂತು ಊರು ನೋಡಬಹುದು. ಸಂಗೀತಗಾರ ಪುಚ್ಚೀನಿ 1858ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ.

ಊಟ ಒಂದೂವರೆಯೊಳಗೆ ಮುಗಿಸಿ. ಎರಡೂವರೆ ಆದ ಮೇಲೆ ಹೋಟೆಲುಗಳ ಅಡುಗೆಮನೆ ಮುಚ್ಚಿ, ಮತ್ತೆ ತೆಗೆಯುವುದು ರಾತ್ರಿಗೇ. ಸಸ್ಯಾಹಾರಿಗಳು ‘ಚೆಚೀನಾ’ ಕೇಳಿ. ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ, ಅಷ್ಟೇ. ಅಗಲವಾದ ತಟ್ಟೆಯಲ್ಲಿ ಒಲೆಗೆ ಹಾಕಿ ಬೇಯಿಸುತ್ತಾರೆ. ಅಂಚು ಗರಿಗರಿ, ನಡುವೆ ಮೆತ್ತಗೆ, ಮೇಲೆ ಕಾಳುಮೆಣಸಿನ ಪುಡಿ. ಕಡಲೆಹಿಟ್ಟಿನ ದೋಸೆ ತಿಂದು ಬೆಳೆದವರಿಗೆ ಮೊದಲ ತುತ್ತಿಗೇ ಪರಿಚಯ ಸಿಗುತ್ತದೆ. ಚಟ್ನಿ ಇಲ್ಲ ಅನ್ನುವ ಕೊರಗು ಮಾತ್ರ ಉಳಿಯುತ್ತದೆ.

ಆಮೇಲೆ ಪೀಸಾ ರೈಲು. ಅರ್ಧ ಗಂಟೆಯ ದಾರಿ. ಇಲ್ಲಿ ಹೆಚ್ಚಿನವರು ತಪ್ಪುವುದು ಒಂದೇ ವಿಷಯದಲ್ಲಿ. ಅವರು ಪೀಸಾ ಚೆಂತ್ರಾಲೆಯಲ್ಲಿ ಇಳಿದು, ವಾಲುಗೋಪುರಕ್ಕೆ ಅರ್ಧ ಗಂಟೆ ನಡೆಯುತ್ತಾರೆ. ಅದಕ್ಕೆ ಒಂದು ನಿಲ್ದಾಣ ಮೊದಲು ‘ಪೀಸಾ ಸಾನ್ ರೊಸ್ಸೋರೆ’ ಸಿಗುತ್ತದೆ. ಪುಟ್ಟ ಸ್ಟೇಷನ್. ಗೋಪುರಕ್ಕೆ ಅಲ್ಲಿಂದ ಹತ್ತು ನಿಮಿಷ. 1173ರಲ್ಲಿ ಕಟ್ಟಲು ಶುರುಮಾಡಿದ ಈ ಗೋಪುರ, ಕಟ್ಟುತ್ತಿರುವಾಗಲೇ ಮೆತ್ತನೆಯ ಮಣ್ಣಿನಲ್ಲಿ ವಾಲತೊಡಗಿತು. 1990ರಿಂದ 2001ರವರೆಗೆ ಮುಚ್ಚಿ, ಬೀಳದಂತೆ ಸರಿಮಾಡಿದರು. ಮೇಲೆ ಹತ್ತಬೇಕೆಂದರೆ ಗಂಟೆ ನಮೂದಿಸಿದ ಟಿಕೆಟ್ ಮೊದಲೇ ಕೊಂಡಿರಬೇಕು. ಎಂಟು ವರ್ಷದೊಳಗಿನ ಮಕ್ಕಳನ್ನು ಹತ್ತಿಸುವುದಿಲ್ಲ.

ಫೋಟೊ ತೆಗೆದಾದ ಮೇಲೆ ಬಂದ ದಾರಿಯಲ್ಲಿ ಹಿಂದಿರುಗಬೇಡಿ. ಊರೊಳಗೆ ನಡೆಯುತ್ತಾ, ಬೊರ್ಗೊ ಸ್ತ್ರೆತ್ತೊ ಬೀದಿಯ ಕಮಾನುಗಳ ಕೆಳಗೆ ಸಾಗಿ, ಸೇತುವೆಯಲ್ಲಿ ಆರ್ನೊ ನದಿ ದಾಟಿ ಚೆಂತ್ರಾಲೆ ಸ್ಟೇಷನ್ ಸೇರಿ. ಸ್ಟೇಷನ್ ಹತ್ತಿರ ಚರ್ಚೊಂದರ ಹಿಂಬದಿ ಗೋಡೆಯ ತುಂಬಾ ಅಮೆರಿಕದ ಕಲಾವಿದ ಕೀತ್ ಹೇರಿಂಗ್ 1989ರಲ್ಲಿ ಬಿಡಿಸಿದ ಬಣ್ಣದ ಮನುಷ್ಯರಿದ್ದಾರೆ. ಅಲ್ಲಿಂದ ಫ್ಲಾರೆನ್ಸ್ ಒಂದು ಗಂಟೆ.

ಮಳೆ ಬಂದರೆ, ಸೋಮವಾರ ಬಂದರೆ

ಮಳೆಯಿದ್ದರೆ ಬೊಲೊನ್ಯಾ. ವೇಗದ ರೈಲಿಗೆ 40 ನಿಮಿಷದೊಳಗಿನ ದಾರಿ, ಬಹುಪಾಲು ಸುರಂಗವೇ. ಕಿಟಕಿ ಸೀಟಿಗೆ ಜಗಳ ಬೇಡ. ಊರಿನ ಬೀದಿಗಳಿಗೆ ಕಂಬದ ಜಗುಲಿಗಳ ಚಾವಣಿ ಇದೆ. ಎಲ್ಲ ಸೇರಿ 62 ಕಿಲೊಮೀಟರ್, 2021ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿವೆ. ಕೊಡೆ ಇಲ್ಲದೆಯೂ ದಿನ ಕಳೆಯಬಹುದು. ವೇಗದ ರೈಲುಗಳು ಅಲ್ಲಿ ಸಾಮಾನ್ಯವಾಗಿ ನೆಲದಡಿಯ ಪ್ಲಾಟ್‌ಫಾರ್ಮಿಗೆ ಬರುತ್ತವೆ. ವಾಪಸ್ ಬರುವಾಗ ಕೆಳಗಿಳಿಯಲು ಹತ್ತು ನಿಮಿಷ ಜಾಸ್ತಿ ಇಟ್ಟುಕೊಳ್ಳಿ.

ಫ್ಲಾರೆನ್ಸ್‌ನಲ್ಲಿ ಉಫೀಜಿ ಮ್ಯೂಸಿಯಂಗೆ ಸೋಮವಾರ ರಜೆ. ಊರು ಬಿಟ್ಟು ಹೊರಡಲು ಅದೇ ಒಳ್ಳೆಯ ದಿನ. ತಿಂಗಳ ಮೊದಲ ಭಾನುವಾರ ಸಿಕ್ಕರೆ ಅರೆಟ್ಸೊಗೆ ಹೋಗಿ. ಆ ದಿನ, ಹಿಂದಿನ ಶನಿವಾರ ಕೂಡ, ಊರಿನ ಬೀದಿಗಳಲ್ಲಿ ಹಳೇ ಸಾಮಾನಿನ ಸಂತೆ. ತಾಮ್ರದ ಪಾತ್ರೆ, ಗಡಿಯಾರ, ಬಾಗಿಲ ಚಿಲಕ, ಯಾರದೋ ಮದುವೆಯ ಫೋಟೊ, ಏನೂ ಇರಬಹುದು. ಸಾನ್ ಫ್ರಾಂಚೆಸ್ಕೊ ಚರ್ಚಿನಲ್ಲಿ ಪಿಯೆರೊ ದೆಲ್ಲಾ ಫ್ರಾಂಚೆಸ್ಕಾ ಬರೆದ ಭಿತ್ತಿಚಿತ್ರಗಳಿವೆ. ಸಂತೆಯಲ್ಲಿ ಮುಳುಗುವ ಮೊದಲೇ ನೋಡಿಬಿಡಿ.

ಎಲ್ಲಿಗೆ ಹೋದರೂ, ಇಳಿದ ತಕ್ಷಣ ಅಲ್ಲಿನ ಹಳದಿ ಹಾಳೆಯ ಫೋಟೊ ಮೊಬೈಲಿನಲ್ಲಿ ತೆಗೆದುಕೊಳ್ಳಿ. ರಾತ್ರಿಯ ಕೊನೆಯ ರೈಲಿಗೆ ಕಾಯಬೇಡಿ, ಅದಕ್ಕಿಂತ ಹಿಂದಿನದಕ್ಕೇ ಸ್ಟೇಷನ್ನಿನಲ್ಲಿರಿ.